ಅರ್ಧದಲ್ಲೇ ನಿಲ್ಲುವ ಕಂಪ್ಯೂಟರ್

ಗುಂಡಿ ಒತ್ತಿದೊಡನೆ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ತೆರೆಯ ಮೇಲೆ ತಯಾರಕರ ಗುರುತೂ ಮೂಡುತ್ತದೆ. ಅಲ್ಲಿಂದ ಮುಂದಕ್ಕೆ ಯಂತ್ರ ಕದಲುವುದಿಲ್ಲ. ಮಕ್ಕಳ ಅಂಕಪಟ್ಟಿ, ಅಂಗಡಿಯ ಲೆಕ್ಕ, ಮದುವೆಯ ಚಿತ್ರಗಳು ಎಲ್ಲವೂ ಅದರೊಳಗೇ ಇರುವಾಗ ಗಾಬರಿಯಾಗುವುದು ಸಹಜ. ಆದರೆ ಯಾರೋ ಹೇಳಿದರೆಂದು ಕೂಡಲೇ ‘ಫಾರ್ಮ್ಯಾಟ್’ ಮಾಡಿಸಬೇಡಿ. ಫಾರ್ಮ್ಯಾಟ್ ಎಂದರೆ ಇದ್ದುದನ್ನು ಅಳಿಸುವುದು ಎಂದೇ ತಿಳಿಯಿರಿ.

ಕಂಪ್ಯೂಟರ್ ಏಳುವುದು ಮೂರು ಹಂತಗಳಲ್ಲಿ. ಮೊದಲು ತನ್ನ ಅಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆಮೇಲೆ ವಿಂಡೋಸ್ ಯಾವ ಡಿಸ್ಕಿನಲ್ಲಿದೆಯೆಂದು ಹುಡುಕುತ್ತದೆ. ಕೊನೆಗೆ ಅದನ್ನು ನೆನಪಿಗೆ ತುಂಬಿಕೊಳ್ಳುತ್ತದೆ. ಎಲ್ಲಿ ನಿಂತಿತೆಂದು ಗೊತ್ತಾದರೆ ಕಾರಣ ಹುಡುಕುವುದು ಸುಲಭ.

ತಯಾರಕರ ಗುರುತಿನಲ್ಲೇ ನಿಂತರೆ, ಕೀಬೋರ್ಡು, ಮೌಸು, ಮಾನಿಟರುಗಳನ್ನುಳಿದು ಪೆನ್‌ಡ್ರೈವ್, ಪ್ರಿಂಟರ್ ಮೊದಲಾದವನ್ನೆಲ್ಲ ಕಳಚಿ ಮತ್ತೆ ಚಾಲೂ ಮಾಡಿ. ಆಗ ಎದ್ದರೆ ದೋಷ ಕಳಚಿದ ವಸ್ತುಗಳಲ್ಲೊಂದರದು. ಏಳದಿದ್ದರೆ ಧೂಳಿನ ಕಡೆ ಗಮನ ಕೊಡಿ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅದಿರು ಅರೆದುಳಿದ ಸೈನೈಡ್ ದಿಬ್ಬಗಳು ಹಾಗೆಯೇ ಇವೆ. ಗಾಳಿಕಾಲದಲ್ಲಿ ಅವುಗಳ ನುಣ್ಣನೆಯ ಪುಡಿ ಕೆಜಿಎಫ್‌ನ ಮನೆಗಳಿಗೆ ನುಗ್ಗುತ್ತದೆ. ಕ್ಯಾಸಂಬಳ್ಳಿ, ಬಂಗಾರಪೇಟೆಗಳಲ್ಲಿ ಬೇಸಿಗೆಯ ರಸ್ತೆಧೂಳೇ ಸಾಕು.

ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ ಒಳಗೆ ಕೈಯಿಡಿ. ಮುಟ್ಟುವುದರಿಂದ ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಯುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ನೆನಪಿನ ಪಟ್ಟಿಯಾದ ‘ರ್‍ಯಾಮ್’ ಅನ್ನು ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ‘ಟಕ್’ ಎನ್ನುವವರೆಗೆ ಮತ್ತೆ ಒತ್ತಿ ಕೂರಿಸಿ. ಅದರ ಅಂಚಿನ ಹಲ್ಲುಗಳಿಗಿರುವುದು ಚಿನ್ನದ ಲೇಪ. ಚಿನ್ನಕ್ಕೆ ತುಕ್ಕಿಲ್ಲ, ಆದರೆ ಲೇಪ ಬಲು ತೆಳು, ಗಟ್ಟಿಯಾಗಿ ಉಜ್ಜಬಾರದು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ವಿದ್ಯುತ್ ಪೂರೈಸುವ ಒಳಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ವಿಂಡೋಸಿನ ಚುಕ್ಕೆಗಳು ಸುತ್ತುತ್ತಲೇ ಇದ್ದರೆ ದೋಷ ಬಹುಪಾಲು ತಂತ್ರಾಂಶದ್ದು, ಇಲ್ಲವೇ ಡಿಸ್ಕಿನದು. ಕೆಲವು ಸಲ ಏಳಲು ಸೋತ ಮೇಲೆ ವಿಂಡೋಸ್ ತಾನಾಗಿಯೇ ದುರಸ್ತಿಯ ಪುಟ ತೋರಿಸುತ್ತದೆ. ಅಲ್ಲಿ ‘ಸೇಫ್ ಮೋಡ್’ ಆರಿಸಿದರೆ ಯಂತ್ರ ಅತ್ಯಗತ್ಯವಾದುದರೊಡನೆ ಮಾತ್ರ ಏಳುತ್ತದೆ. ಹಾಗೆ ಎದ್ದರೆ ಈಚೆಗೆ ಹಾಕಿದ ತಂತ್ರಾಂಶವನ್ನು ತೆಗೆಯಿರಿ. ಡಿಸ್ಕಿನಿಂದ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಒಡನೆ ಆರಿಸಿ. ಮೊದಲು ಒಳಗಿನ ಕಡತಗಳ ಪ್ರತಿ, ಆಮೇಲೆ ರಿಪೇರಿ.

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಈ ಗಣಿಗಳನ್ನು ಮುಟ್ಟಿತು. ಆದರೂ ಕರೆಂಟು ಹಠಾತ್ತನೆ ಹೋದರೆ ಬರೆಯುತ್ತಿದ್ದ ಕಡತ ಅರ್ಧಕ್ಕೇ ಕೆಡುತ್ತದೆ. ಆದುದರಿಂದ ಒಂದು ಯುಪಿಎಸ್ ಇರಲಿ. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಯಂತ್ರ ಕೆಟ್ಟರೆ ಹೊಸದು ಸಿಕ್ಕೀತು, ಅಳಿಸಿಹೋದ ಚಿತ್ರ ಸಿಕ್ಕದು.