ಬಿಳಿನೀರಿನಲ್ಲಿ ಕಯಾಕ್

ಬೆಟ್ಟದಿಂದ ಇಳಿದು ಬರುವ ನದಿಯು ಬಂಡೆಗಳ ನಡುವಣ ಇಕ್ಕಟ್ಟಿನಲ್ಲಿ ನುಗ್ಗುವಾಗ ನೀರು ಗಾಳಿಯೊಡನೆ ಬೆರೆತು ನೊರೆಯಾಗುತ್ತದೆ; ದೂರದಿಂದ ಬೆಳ್ಳಗೆ ಕಾಣುತ್ತದೆ. ಇಂತಹ ಬಿಳಿನೀರಿನಲ್ಲಿ ಕಯಾಕ್ ಎಂಬ ಪುಟ್ಟ ದೋಣಿಯನ್ನು ನಡೆಸುವುದು ಒಂದು ಸಾಹಸಕ್ರೀಡೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು.

ಕಯಾಕ್ ಮೂಲತಃ ಬೇಟೆಯ ದೋಣಿ. ಉತ್ತರಧ್ರುವ ಪ್ರದೇಶದ ಇನ್ಯೂಟ್ ಜನರು ಮರದ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಅದನ್ನು ನಿರ್ಮಿಸಿಕೊಂಡರು. ನಮ್ಮ ಹರಿಗೋಲೂ ಹಿಂದೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ದೋಣಿಯೇ ಆಗಿತ್ತು. ಆದರೆ ಅದು ದುಂಡಗೆ ತೆರೆದಿರುತ್ತದೆ, ಕಯಾಕ್ ನೀಳವಾಗಿದ್ದು ಮೇಲೂ ಮುಚ್ಚಿರುತ್ತದೆ. ಹಿಮದಂತೆ ತಣ್ಣಗಿರುವ ಆ ಕಡಲಿನಲ್ಲಿ ದೋಣಿ ಮಗುಚಿದರೆ ಈಜಿ ಬದುಕುವುದು ದುಸ್ಸಾಧ್ಯ. ಆದುದರಿಂದ ಕುಳಿತಂತೆಯೇ ಹುಟ್ಟನ್ನು ಬೀಸಿ, ಸೊಂಟವನ್ನು ತಿರುಚಿ ಮತ್ತೆ ಮೇಲೇಳುವ ವಿದ್ಯೆಯನ್ನು ಅವರು ಸಾಧಿಸಿದರು. ಇಂದಿನ ಕಯಾಕ್ ಪ್ಲಾಸ್ಟಿಕ್ಕಿನದಾದರೂ ವಿದ್ಯೆ ಅದೇ.

ಈ ವಿದ್ಯೆ ಕೈಗೂಡಲು ಕಾಲ ಬೇಕು. ಅದಕ್ಕೆ ಮುನ್ನವೇ ಹೊಸಬನು ದೋಣಿಯಿಂದ ಹೊರಬರುವುದನ್ನು ಕಲಿತಿರಬೇಕು. ನೀರು ಒಳನುಗ್ಗದಂತೆ ಸವಾರನ ಸೊಂಟಕ್ಕೂ ದೋಣಿಯ ಬಾಯಿಗೂ ಒಂದು ಹೊದಿಕೆಯನ್ನು ಬಿಗಿದಿರುತ್ತಾರೆ. ಅದರ ಮುಂಭಾಗದಲ್ಲಿ ಒಂದು ಕುಣಿಕೆಯುಂಟು. ದೋಣಿ ಮಗುಚಿದಾಗ ಮುಂದಕ್ಕೆ ಬಾಗಿ, ಕುಣಿಕೆಯನ್ನು ಮುಂದಕ್ಕೂ ಮೇಲಕ್ಕೂ ಎಳೆದು, ಎರಡು ಪಕ್ಕಗಳನ್ನು ಕೈಗಳಿಂದ ಒತ್ತಿ ಜಾರಿ ಹೊರಬರಬೇಕು. ಕುಣಿಕೆಯು ಹೊದಿಕೆಯ ಅಡಿಗೆ ಸಿಕ್ಕಿಕೊಂಡಿದ್ದರೆ ತಲೆಕೆಳಗಾದಾಗ ಅದು ಕೈಗೆ ಸಿಗದು. ಇದನ್ನೆಲ್ಲ ನಿಂತ ನೀರಿನಲ್ಲಿ, ಪಕ್ಕದಲ್ಲಿ ಶಿಕ್ಷಕರು ನಿಂತಿರುವಾಗ, ಭಯ ನೀಗುವವರೆಗೆ ಅಭ್ಯಾಸ ಮಾಡಬೇಕು. ತಲೆಗೆ ಹೆಲ್ಮೆಟ್, ಮೈಗೆ ಬಿಗಿಯಾದ ಲೈಫ್ ಜಾಕೆಟ್ ಇರಲೇಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸೆಳವಿನಲ್ಲಿ ಬಿದ್ದವನಿಗೆ ಕಾಲೂರಿ ನಿಲ್ಲಬೇಕೆನಿಸುವುದು ಸಹಜ. ಸೊಂಟದಷ್ಟೇ ನೀರಿದ್ದರೂ ಹಾಗೆ ಮಾಡಬಾರದು. ಪಾದವು ತಳದ ಕಲ್ಲುಗಳ ಸಂದಿಯಲ್ಲಿ ಸಿಕ್ಕಿದರೆ ಪ್ರವಾಹವು ದೇಹವನ್ನು ಮುಂದಕ್ಕೆ ಕೆಡವಿ ಅದುಮಿ ಹಿಡಿಯುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಬಲಶಾಲಿಯಾದ ಈಜುಗಾರನೂ ಅದರೆದುರು ತೃಣ. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಬೆರಳುಗಳನ್ನು ನೀರಿನ ಮೇಲಿರಿಸಿ ತೇಲುತ್ತ ದಡಕ್ಕೆ ಸರಿಯುವುದೇ ಕ್ರಮ.

ನದಿಯನ್ನು ಓದುವುದು ಇನ್ನೊಂದು ಪಾಠ. ದೊಡ್ಡ ಬಂಡೆಯ ಕೆಳಮಗ್ಗುಲಲ್ಲಿ ನೀರು ಹಿಂದಕ್ಕೆ ಮರಳಿ ಶಾಂತವಾಗಿರುತ್ತದೆ. ಅದು ಸವಾರನ ತಂಗುದಾಣ. ಉರುಳಿಬಿದ್ದ ಮರವಾದರೋ ಮೃತ್ಯುಸಮಾನ. ಅದರ ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ಮನುಷ್ಯನು ಸಿಕ್ಕಿಕೊಳ್ಳುತ್ತಾನೆ. ಎಲ್ಲಕ್ಕಿಂತ ಮೋಸದ್ದು ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಾದ ಒಡ್ಡು. ನೋಡಲು ಅದು ಎಷ್ಟು ಸೌಮ್ಯ! ಆದರೆ ಒಡ್ಡನ್ನು ಹಾರಿದ ನೀರು ಅದರ ಬುಡದಲ್ಲಿ ಉರುಳುರುಳಿ ಹಿಂದಿರುಗುತ್ತ, ಬಿದ್ದವನನ್ನು ಬಿಡದೆ ಮತ್ತೆ ಮತ್ತೆ ಒಳಗೆಳೆಯುತ್ತದೆ. ನುರಿತವರು ಇಲ್ಲಿ ದಡಕ್ಕೆ ಬಂದು, ದೋಣಿಯನ್ನು ಹೆಗಲಿಗೇರಿಸಿ ನಡೆದೇ ಮುಂದೆ ಹೋಗುತ್ತಾರೆ.

ಬಿಳಿನೀರನ್ನು ಕಷ್ಟದ ಪ್ರಮಾಣಕ್ಕನುಸಾರ 1ರಿಂದ 6ರವರೆಗೆ ದರ್ಜೆಗಳಾಗಿ ವಿಂಗಡಿಸಿದ್ದಾರೆ. ಕಲಿಯುವವನಿಗೆ ಮೊದಲಿನವೆರಡೇ ಸಾಕು. ಅಲ್ಲಿಯೂ ಒಂಟಿಯಾಗಿ ಇಳಿಯಬಾರದು. ಈ ದರ್ಜೆಗಳು ಸ್ಥಿರವಲ್ಲ, ನೀರು ಏರಿದಂತೆ ಬದಲಾಗುತ್ತವೆ. ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯನ್ನೇ ನೋಡಿ. ಗಣೇಶಗುಡಿಯ ಬಳಿ ಅದರ ಹರಿವು ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದೆ. ಮೋಡದ ಸುಳಿವೂ ಇಲ್ಲದ ದಿನ ಅಲ್ಲಿ ನದಿ ಏರಬಹುದು. ಆದುದರಿಂದ ನೀರು ಬಿಡುವ ಹೊತ್ತನ್ನು ಸ್ಥಳೀಯರಿಂದ ವಿಚಾರಿಸಿ ತಿಳಿದ ಮೇಲೆಯೇ ದೋಣಿಯನ್ನು ಇಳಿಸಬೇಕು.