ಸಾವಿರ ಮಂದಿಯ ಮಾತು, ಲಕ್ಷ ಮಂದಿಯ ಮನಸ್ಸು

2023ರ ಮೇ 13ರಂದು ಕರ್ನಾಟಕ ವಿಧಾನಸಭಾ ಚುನಾವಣೆಯ ಮತಗಳ ಎಣಿಕೆ ನಡೆಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನೊಳಗೊಂಡ ಶೃಂಗೇರಿ ಕ್ಷೇತ್ರದಲ್ಲಿ ಮುಖ್ಯ ಸ್ಪರ್ಧಿಗಳಿಬ್ಬರೂ ತಲಾ ಸುಮಾರು 59 ಸಾವಿರ ಮತಗಳನ್ನು ಪಡೆದಿದ್ದರು. ಅಂದು ಘೋಷಿತವಾದ ಅಂತರ ಕೇವಲ 201 ಮತಗಳು. ಒಂದು ಸಾಮಾನ್ಯ ಮತಗಟ್ಟೆಯಲ್ಲಿ ಸರದಿಯಲ್ಲಿ ನಿಂತು ಮತ ಹಾಕುವವರ ಸಂಖ್ಯೆಯೇ ಇದಕ್ಕಿಂತ ಹೆಚ್ಚಾಗಿರುತ್ತದೆ. ಚುನಾವಣೆಗೆ ಮುಂಚಿನ ವಾರಗಳಲ್ಲಿ ರಾಜ್ಯದ ಜನಾಭಿಪ್ರಾಯವನ್ನು ಅಳೆದೆವೆಂದು ಹೇಳುವ ಸಮೀಕ್ಷೆಗಳು ಒಂದರ ಹಿಂದೊಂದಾಗಿ ಪ್ರಕಟವಾಗುತ್ತಿದ್ದವು. ಇಂಥ ಒಂದು ಸಮೀಕ್ಷೆ ಈ 201ನ್ನು ಮುಂದಾಗಿ ಕಾಣಬಲ್ಲುದೇ? ಕೆಲವೇ ಜನರನ್ನು ಕೇಳಿ ಎಲ್ಲರ ಮನಸ್ಸನ್ನು ತಿಳಿಯುವ ಈ ವಿದ್ಯೆ ಎಲ್ಲಿಯವರೆಗೆ ನಂಬತಕ್ಕದ್ದು, ಎಲ್ಲಿಂದಾಚೆಗೆ ನಂಬಬಾರದು ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

ಅನ್ನ ಬೆಂದಿತೇ ಎಂದು ನೋಡಲು ನಮ್ಮ ಮನೆಗಳಲ್ಲಿ ನಾಲ್ಕು ಅಗುಳನ್ನು ಹಿಚುಕಿ ನೋಡುತ್ತಾರೆ. ಪಾತ್ರೆಯನ್ನೆಲ್ಲ ತಿಂದು ನೋಡುವುದಿಲ್ಲ. ಆ ಪಾತ್ರೆ ಮನೆಯದಾದರೂ ಸರಿ, ಮಠದ ಕೊಪ್ಪರಿಗೆಯಾದರೂ ಸರಿ, ಚೆನ್ನಾಗಿ ತಿರುವಿದ್ದರೆ ಅಷ್ಟೇ ಅಗುಳು ಸಾಕು. ಸಂಖ್ಯಾಶಾಸ್ತ್ರವು ಇದೇ ಮಾತನ್ನು ಖಚಿತವಾದ ಲೆಕ್ಕದಲ್ಲಿ ಹೇಳುತ್ತದೆ. ಪ್ರತಿಯೊಬ್ಬ ಮತದಾರನಿಗೂ ಆಯ್ಕೆಯಾಗುವ ಅವಕಾಶ ಸಮನಾಗಿರುವಂತೆ ಚೀಟಿ ಎತ್ತಿ ಆರಿಸಿದ ಗುಂಪಿಗೆ ‘ಯಾದೃಚ್ಛಿಕ ಮಾದರಿ’ ಎಂದು ಹೆಸರು. ಇಂಥ ಮಾದರಿಯಿಂದ ಬಂದ ಉತ್ತರ ನಿಜದಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಒಂದು ಸುಲಭ ಸೂತ್ರವುಂಟು: ಒಂದನ್ನು ಮಾದರಿಯ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. 100 ಮಂದಿಯನ್ನು ಕೇಳಿದರೆ ದೋಷ ಶೇಕಡ 10ರವರೆಗೆ ಹೋಗಬಹುದು. 400 ಮಂದಿಯನ್ನು ಕೇಳಿದರೆ ಶೇಕಡ 5. 1,000 ಮಂದಿಯಾದರೆ ಸುಮಾರು 3. 10,000 ಮಂದಿಯಾದರೆ 1. ನೂರು ಸಮೀಕ್ಷೆಗಳಲ್ಲಿ ಸುಮಾರು 95 ಈ ಮಿತಿಯೊಳಗೆ ಬರುತ್ತವೆ. ಉಳಿದವು ಹೊರಗೆ ಬೀಳುತ್ತವೆ. ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ ಜನರನ್ನು ನಾಲ್ಕರಷ್ಟು ಹೆಚ್ಚಿಸಬೇಕೆಂಬುದನ್ನು ವಾಚಕರು ಗಮನಿಸಬೇಕು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. 500 ಹೆಸರುಕಾಳುಗಳನ್ನೂ 500 ಉದ್ದಿನಕಾಳುಗಳನ್ನೂ ಎಣಿಸಿ ಒಂದು ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಬೆರೆಸಿರಿ. ಕಣ್ಣುಮುಚ್ಚಿ 100 ಕಾಳು ತೆಗೆದು, ಎಣಿಸಿ, ಮತ್ತೆ ಡಬ್ಬಿಗೆ ಹಾಕಿ ಬೆರೆಸಿರಿ. ಹತ್ತು ಸಲ ಹೀಗೆ ಮಾಡಿದರೆ ಹೆಸರುಕಾಳು ಒಮ್ಮೆ 47, ಒಮ್ಮೆ 55, ಇನ್ನೊಮ್ಮೆ 51 ಎಂಬಂತೆ ಏರಿಳಿಯುವುದನ್ನು ಕಾಣುವಿರಿ. ಇದನ್ನು ನೋಡಿ ಕಾಳುಗಳು ಮನಸ್ಸು ಬದಲಾಯಿಸಿದವೆಂದು ಯಾರೂ ಹೇಳಲಾರರು. ಆದರೆ ಸಮೀಕ್ಷೆಯಲ್ಲಿ ಒಂದು ವಾರ ಒಬ್ಬ ಅಭ್ಯರ್ಥಿಗೆ ಶೇಕಡ 47, ಇನ್ನೊಬ್ಬನಿಗೆ 43 ಎಂದೂ, ಮುಂದಿನ ವಾರ 44, 46 ಎಂದೂ ಬಂದರೆ, ಜನರು ಒಬ್ಬನನ್ನು ತೊರೆದು ಇನ್ನೊಬ್ಬನ ಕಡೆಗೆ ತಿರುಗಿದರೆಂದು ಶೀರ್ಷಿಕೆಗಳು ಸಾರುತ್ತವೆ! ಸಾವಿರ ಮಂದಿಯ ಸಮೀಕ್ಷೆಯಲ್ಲಿ ಒಬ್ಬನ ಪಾಲು ಶೇಕಡ 3ರಷ್ಟು ಅತ್ತಿತ್ತ ಹೋಗಬಹುದಾದರೆ, ಇಬ್ಬರ ನಡುವಣ ಅಂತರ ಸುಮಾರು 6ರಷ್ಟು ಅತ್ತಿತ್ತ ಹೋಗಬಹುದು. ಆದುದರಿಂದ ಮೇಲಿನ ಬದಲಾವಣೆ ಕೇವಲ ಕಾಳಿನ ಆಟವಾಗಿರುವ ಸಂಭವ ಉಂಟು. ಒಂದೇ ರೀತಿಯಲ್ಲಿ ನಡೆಸಿದ ಹಲವು ಸಮೀಕ್ಷೆಗಳು ಒಂದೇ ದಿಕ್ಕನ್ನು ತೋರಿಸಿದಾಗ ಮಾತ್ರ ಜನಮನ ಸರಿಯುತ್ತಿದೆಯೆಂದು ನಾವು ಹೇಳಬಹುದು.

ಈ ಏರಿಳಿತಗಳು ಅತಿ ಹೆಚ್ಚಾಗಿ ಕಾಣುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ನಿರ್ಣಯಿಸಲು, ನಮ್ಮಲ್ಲಿಲ್ಲದ ಒಂದು ಏರ್ಪಾಡಿದೆ. ‘ಪ್ರೈಮರಿ’ ಎಂಬ ಪ್ರಾಥಮಿಕ ಚುನಾವಣೆಗಳು ತಿಂಗಳುಗಟ್ಟಲೆ ರಾಜ್ಯದಿಂದ ರಾಜ್ಯಕ್ಕೆ ನಡೆಯುತ್ತವೆ. ಒಂದು ರಾಜ್ಯದ ಫಲಿತಾಂಶ ಇನ್ನೊಂದರ ಮತದಾರರ ಮನಸ್ಸನ್ನು ಕದಲಿಸುತ್ತದೆ. ಎಲ್ಲರೂ ಒಂದೇ ಪಕ್ಷದವರಾದುದರಿಂದ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುವುದೂ ಸುಲಭ. 2008ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡೆಮೊಕ್ರಾಟಿಕ್ ಪ್ರೈಮರಿಗೆ ಮುನ್ನ ಹೆಚ್ಚಿನ ಸಮೀಕ್ಷೆಗಳು ಬರಾಕ್ ಒಬಾಮ ಮುಂದಿದ್ದಾರೆಂದು ಸಾರಿದ್ದವು. ಗೆದ್ದವರು ಹಿಲರಿ ಕ್ಲಿಂಟನ್. ಹಲವು ಸಮೀಕ್ಷೆಗಳು ಒಟ್ಟಾಗಿ ಒಂದೇ ಕಡೆಗೆ ತಪ್ಪಿದಾಗ ಅದನ್ನು ಕಾಳಿನ ಆಟವೆನ್ನಲಾಗದು. ಅಲ್ಲಿ ಬೇರೊಂದು ಬಗೆಯ ದೋಷವನ್ನು ಹುಡುಕಬೇಕು.

ಆ ದೋಷ ಯಾವುದೆಂಬುದಕ್ಕೆ 1936ರ ಉದಾಹರಣೆ ಪ್ರಸಿದ್ಧವಾಗಿದೆ. ‘ಲಿಟರರಿ ಡೈಜೆಸ್ಟ್’ ಎಂಬ ಅಮೆರಿಕದ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡುಗಳನ್ನು ಕಳುಹಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು; ಆದರೆ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಅದಕ್ಕಿಂತ ಎಷ್ಟೋ ಕಡಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಪತ್ರಿಕೆಯು ವಿಳಾಸಗಳನ್ನು ಬಹುಮಟ್ಟಿಗೆ ಟೆಲಿಫೋನ್ ಮತ್ತು ಮೋಟಾರು ಉಳ್ಳವರ ಪಟ್ಟಿಗಳಿಂದ ಆರಿಸಿತ್ತು. ಆ ಕಾಲಕ್ಕೆ ಅವರು ಅನುಕೂಲಸ್ಥರು. ಅದೂ ಅಲ್ಲದೆ, ಉತ್ತರ ಬರೆದವರ ಮನಸ್ಸು ಬರೆಯದವರ ಮನಸ್ಸಿನಂತಿರಲಿಲ್ಲ. ಕೊಪ್ಪರಿಗೆಯನ್ನು ತಿರುವದೆ ಮೇಲಿನ ಅನ್ನವನ್ನು ಎಷ್ಟು ಸೌಟು ತೆಗೆದರೂ ತಳದ ಸುದ್ದಿ ತಿಳಿಯದು.

ಈಗ ಮಲೆನಾಡಿನತ್ತ ನೋಡೋಣ. ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯ ಸುತ್ತಿನಲ್ಲಿ ಮನೆಗಳು ಬಯಲುಸೀಮೆಯಂತೆ ಒತ್ತಾಗಿ ನಿಂತಿಲ್ಲ. ಅಡಿಕೆ ತೋಟದ ಅಂಚಿನಲ್ಲಿ ಒಂದು, ಗುಡ್ಡದ ಮಗ್ಗುಲಲ್ಲಿ ಇನ್ನೊಂದು, ಕಾಫಿ ತೋಟದ ಲೈನಿನಲ್ಲಿ ಕೂಲಿಕಾರರ ಬಿಡಾರಗಳು. ಸಮೀಕ್ಷಕನು ಬಸ್ಸಿಳಿದು ಪೇಟೆಯ ಅಂಗಡಿಗಳಲ್ಲಿ ಇಪ್ಪತ್ತು ಮಂದಿಯನ್ನು ವಿಚಾರಿಸಿ ಹಿಂದಿರುಗಿದರೆ, ಹಗಲೆಲ್ಲ ತೋಟದಲ್ಲಿರುವ ಹೆಂಗಸರು, ವಯಸ್ಸಾದವರು, ಕೂಲಿಕಾರರು ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ದೂರವಾಣಿಯಲ್ಲಿ ಕೇಳಿದರೆ ಸಂಪರ್ಕ ಸಿಗದ ಮೂಲೆಗಳು ಬಿಟ್ಟುಹೋಗುತ್ತವೆ. ಕೇಳಿದಾಗಲೂ ಅಪರಿಚಿತನೆದುರು ಮನಸ್ಸಿನ ಮಾತನ್ನು ಆಡದೆ “ನೋಡುವ, ಇನ್ನೂ ದಿನ ಉಂಟಲ್ಲ” ಎಂದುಬಿಡುವವರು ಅನೇಕರು. ಈ ದೋಷಗಳಿಗೆ ವರ್ಗಮೂಲದ ಸೂತ್ರದಲ್ಲಿ ಸ್ಥಾನವಿಲ್ಲ. ಜನರನ್ನು ಹತ್ತರಷ್ಟು ಹೆಚ್ಚಿಸಿದರೂ ಇವು ಕರಗವು.

ನಮ್ಮ ದೇಶದಲ್ಲಿ ಮತ್ತೊಂದು ಕಷ್ಟವಿದೆ. ಸಮೀಕ್ಷೆ ಅಳೆಯುವುದು ಮತಗಳ ಪಾಲನ್ನು. ಸರಕಾರ ರಚಿಸುವುದು ಸ್ಥಾನಗಳು. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಸುಮಾರು ಶೇಕಡ 38 ಮತಗಳನ್ನು ಪಡೆದು 80ಕ್ಕೆ ಹತ್ತಿರದ ಸ್ಥಾನಗಳನ್ನು ಗೆದ್ದಿತು. ಭಾರತೀಯ ಜನತಾ ಪಕ್ಷ ಸುಮಾರು 36 ಮತಗಳಿಂದಲೇ 104 ಸ್ಥಾನಗಳನ್ನು ಪಡೆಯಿತು. 2023ರಲ್ಲಿಯೂ ಭಾರತೀಯ ಜನತಾ ಪಕ್ಷದ ಪಾಲು ಸುಮಾರು 36 ಆಗಿದ್ದಿತು, ಸ್ಥಾನಗಳು ಮಾತ್ರ 66ಕ್ಕೆ ಇಳಿದವು. ಪಾಲಿನಿಂದ ಸ್ಥಾನಕ್ಕೆ ದಾಟುವ ಈ ಸಂಕ ಬಲು ಸಪುರ. 2024ರ ಲೋಕಸಭಾ ಚುನಾವಣೆಯ ಕೊನೆಯ ದಿನ ಹೊರಬಿದ್ದ ಮತಗಟ್ಟೆ ಸಮೀಕ್ಷೆಗಳಲ್ಲಿ ಬಹಳಷ್ಟು, ಆಳುವ ಮೈತ್ರಿಕೂಟಕ್ಕೆ 350ಕ್ಕೂ ಮೇಲ್ಪಟ್ಟ ಸ್ಥಾನಗಳನ್ನು ಕೊಟ್ಟಿದ್ದವು. ಎಣಿಕೆಯಲ್ಲಿ ದೊರೆತುದು 293.

ಹಾಗಾದರೆ ಶೃಂಗೇರಿಯ 201? ಇಬ್ಬರಿಗೂ ಬಂದ ಒಟ್ಟು 1,18,000ದಷ್ಟು ಮತಗಳಲ್ಲಿ ಅದು ಸಾವಿರಕ್ಕೆ ಎರಡರಷ್ಟೂ ಅಲ್ಲ. ಇಷ್ಟು ಸಣ್ಣ ಅಂತರವನ್ನು ನಮ್ಮ ಸೂತ್ರದಿಂದ ಕಂಡುಹಿಡಿಯಲು ಹದಿಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಕೇಳಬೇಕೆಂದು ಲೆಕ್ಕ ಬರುತ್ತದೆ. ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರೂ ಇಲ್ಲ! ಎಂದರೆ, ಬಹುಮಟ್ಟಿಗೆ ಎಲ್ಲರನ್ನೂ ಕೇಳುವುದಲ್ಲದೆ ಬೇರೆ ಹಾದಿಯಿಲ್ಲ. ಎಲ್ಲರನ್ನೂ ಕೇಳುವುದಕ್ಕೇ ಚುನಾವಣೆ ಎಂದು ಹೆಸರು.

ಇದರಿಂದ ಸಮೀಕ್ಷೆ ನಿಷ್ಪ್ರಯೋಜಕವೆಂದು ಯಾರೂ ತಿಳಿಯಬಾರದು. ಪ್ರಶಾಂತಚಂದ್ರ ಮಹಲನೋಬಿಸರ ಮಾರ್ಗದರ್ಶನದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ, ದೇಶದ ಜನರ ಖರ್ಚುವೆಚ್ಚ, ಉದ್ಯೋಗಗಳ ವಿವರವನ್ನು ಇದೇ ವಿದ್ಯೆಯಿಂದ ನಮಗೆ ತಿಳಿಸಿಕೊಟ್ಟಿತು. ಆಪತ್ತಿರುವುದು ಅಳತೆಯನ್ನು ಭವಿಷ್ಯವಾಣಿಯೆಂದು ಓದುವುದರಲ್ಲಿ. ಮತದಾನದ ಆರಂಭದಿಂದ ಕೊನೆಯ ಹಂತ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಗಳನ್ನು ಪ್ರಕಟಿಸಬಾರದೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 2009ರಲ್ಲಿ ತಿದ್ದುಪಡಿಯಾದುದು ಈ ಆಪತ್ತನ್ನು ಕಂಡೇ. ಆದರೆ ಕಾಯಿದೆಗಿಂತಲೂ ಹೆಚ್ಚಿನ ರಕ್ಷಣೆ ಓದುಗನ ವಿವೇಕ. ಸಮೀಕ್ಷೆಯೊಂದು ಕೈಗೆ ಬಂದಾಗ ಎಷ್ಟು ಮಂದಿಯನ್ನು ಕೇಳಿದರು, ಯಾರನ್ನು, ಹೇಗೆ ಆರಿಸಿದರು, ಯಾವ ದಿನ ಕೇಳಿದರು, ಉತ್ತರ ಕೊಡದವರೆಷ್ಟು, ಹಣ ಕೊಟ್ಟವರಾರು ಎಂಬುದನ್ನು ನಾವು ನೋಡಬೇಕು. ಇವು ಕಾಣದಿದ್ದಲ್ಲಿ ಅಂಕಿಗಳನ್ನು ಬದಿಗಿಡುವುದೇ ಲೇಸು. ಹದಿನೆಂಟು ತುಂಬಿ ಮೊದಲ ಬಾರಿಗೆ ಮತ ಹಾಕಲಿರುವ ಮಲೆನಾಡಿನ ವಿದ್ಯಾರ್ಥಿಯೊಬ್ಬ “ಫಲಿತಾಂಶ ಆಗಲೇ ಗೊತ್ತಾಗಿದೆಯಂತೆ, ನಾನು ಹೋಗಿ ಆಗಬೇಕಾದುದೇನು?” ಎಂದು ಮನೆಯಲ್ಲಿ ಕುಳಿತರೆ, ಆ ದಿನ ಅವನ ಕ್ಷೇತ್ರದಲ್ಲಿ ಅವನನ್ನು ಕೇಳುವ ಒಂದೇ ಒಂದು ಪೂರ್ಣ ಸಮೀಕ್ಷೆಗೆ ಅವನ ಉತ್ತರ ಸೇರದೆ ಹೋಗುತ್ತದೆ.