ಲಕ್ವ ಹೊಡೆದ ಕಾಲಿಗೆ ಅಂಗಳದಲ್ಲೇ ಪಾಠ

ಅಪ್ಪನಿಗೆ ಲಕ್ವ ಹೊಡೆದು ಎಡಗಾಲು ಸೋತಾಗ ನೋಡಲು ಬಂದವರದ್ದೆಲ್ಲ ಒಂದೇ ಮಾತು, 'ದೊಡ್ಡ ಊರಿಗೆ ಕರ್ಕೊಂಡು ಹೋಗಿ, ಅಲ್ಲಿ ನಡೆಸುವ ಮೆಷಿನ್ ಇದೆಯಂತೆ.' ತೋಟ ಅಡವಿಡುವ ಯೋಚನೆಯೂ ಬಂತು. ತಡೆದವರು ನಮ್ಮ ಫಿಸಿಯೋಥೆರಪಿಸ್ಟ್.

ಅವರು ಹೇಳಿದ ಲೆಕ್ಕ ಇದು. ಅಮೆರಿಕದಲ್ಲಿ 408 ಮಂದಿಯ ಮೇಲೆ 'ಲೀಪ್ಸ್' ಎಂಬ ಪ್ರಯೋಗ ನಡೆಯಿತು. ಫಲಿತಾಂಶ ಬಂದದ್ದು 2011ರಲ್ಲಿ. ಕೆಲವರನ್ನು ಪಟ್ಟಿ ಕಟ್ಟಿ, ಮೈಭಾರ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಉಳಿದವರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ಕಾಲಿನ ಬಲ, ಸಮತೋಲನದ ವ್ಯಾಯಾಮ ಮಾಡಿಸಿದರು. ವರ್ಷ ತುಂಬುವಾಗ ಎರಡೂ ಕಡೆ ಫಲ ಸಮಸಮ. ಒಟ್ಟಿನಲ್ಲಿ ನೂರಕ್ಕೆ 52 ಮಂದಿಯ ನಡಿಗೆ ಸುಧಾರಿಸಿತ್ತು.

ಮಿದುಳಿನ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಉಳಿದ ಭಾಗ ಅದರ ಕೆಲಸ ಕಲಿಯಬೇಕು. ಕಲಿಸುವುದು ಪದೇ ಪದೇ ಮಾಡಿಯೇ.

ಅಂಗಳದುದ್ದಕ್ಕೂ ಸೊಂಟದೆತ್ತರಕ್ಕೆ ಬಿದಿರಿನ ಗಳ ಕಟ್ಟಿದೆವು. ಮೊದಲು ಕುರ್ಚಿಯಿಂದ ಎದ್ದು ಕೂರುವುದು, ಆಮೇಲೆ ಗಳ ಹಿಡಿದು ನಡಿಗೆ, ಕೊನೆಗೆ ಮೆಟ್ಟಿಲು. ಒಂದು ಸುಲಭವಾಯ್ತೆಂದರೆ ಫಿಸಿಯೋಥೆರಪಿಸ್ಟ್ ಕೇಳಿ ಮುಂದಿನದ್ದು.

ಕೆಲವು ಎಚ್ಚರಿಕೆ:

* ಮೊದಲ 24 ಗಂಟೆಯೊಳಗೇ ಎಬ್ಬಿಸಿ ಅತಿಯಾಗಿ ನಡೆಸಿದರೆ ಕೆಡುಕೇ ಹೆಚ್ಚು ಎಂದು 2015ರ 'ಅವರ್ಟ್' ಅಧ್ಯಯನ ತೋರಿಸಿದೆ. ಯಾವಾಗ ಶುರು ಎಂಬುದನ್ನು ಡಾಕ್ಟರೇ ಹೇಳಲಿ.
* ಸೋತ ಬದಿಯಲ್ಲಿ ನಿಂತು ಆಧಾರ ಕೊಡಿ. ಸೋತ ಕೈ ಹಿಡಿದು ಎಳೆಯಬೇಡಿ, ಭುಜ ಜಾರೀತು.
* ಪಾಚಿ ಕಟ್ಟಿದ ಅಂಗಳ, ಹವಾಯಿ ಚಪ್ಪಲಿ ಎರಡೂ ಬೇಡ.

ಆರನೇ ತಿಂಗಳಿಗೆ ಅಪ್ಪ ಕೋಲೂರಿ ಹಟ್ಟಿಯವರೆಗೆ ಹೋದರು. ತೋಟದ ಸಂಕ ಇನ್ನೂ ದಾಟಿಲ್ಲ. ತೋಟ ಮಾತ್ರ ನಮ್ಮದಾಗಿಯೇ ಉಳಿದಿದೆ.